50 ಆಂಪಿಯರ್ ಹೊರುವ ಕೇಬಲ್

(ದೊಡ್ಡ ಗ್ರಾಫಿಕ್ಸ್ ಕಾರ್ಡುಗಳಿಗೆ ಸರಿಯಾದ ಕೇಬಲ್ ಆರಿಸಿಕೊಳ್ಳುವ ಬಗ್ಗೆ ಶಿವಮೊಗ್ಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಮದುವೆ ವಿಡಿಯೊ ಎಡಿಟ್ ಮಾಡುವವರು, ಮನೆಯ ನಕ್ಷೆಗೆ ತ್ರೀಡಿ ಚಿತ್ರ ತೆಗೆದುಕೊಡುವವರು, ಹಾಸ್ಟೆಲ್ ರೂಮಿನಲ್ಲೇ ಎಐ ಮಾಡೆಲ್ ಓಡಿಸುವ ಇಂಜಿನಿಯರಿಂಗ್ ಹುಡುಗರು, ಗೇಮ್ ಆಡುವವರು, ಗೇಮ್ ಆಡುವವರ ಅಪ್ಪಂದಿರು, ಎಲ್ಲರೂ ಬಂದಿದ್ದೀರಿ. ಮಳೆ ಜೋರಿದೆ, ಸಾಗರ ತೀರ್ಥಹಳ್ಳಿ ಕಡೆಯವರು ಬಸ್ಸು ಹಿಡಿಯಬೇಕು. ಹಾಗಾಗಿ ಪೀಠಿಕೆ ಬಿಟ್ಟು ನೇರ ಲೆಕ್ಕಕ್ಕೆ ಬರುತ್ತೇನೆ.

ಎನ್ವಿಡಿಯಾದ ಆರ್‌ಟಿಎಕ್ಸ್ 5090 ಕಾರ್ಡಿನ ವಿದ್ಯುತ್ ಬಳಕೆ 575 ವ್ಯಾಟ್. ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್, ಅದರಲ್ಲೂ ದೊಡ್ಡ ಕಾರ್ಡುಗಳು ತೆಗೆದುಕೊಳ್ಳುವುದು ಸ್ವಲ್ಪವೇ. ಅಂದರೆ ಹೆಚ್ಚುಕಡಿಮೆ ಪೂರ್ತಿ ಹೊರೆ ಬೀಳುವುದು ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸಿಕೊಡುವ ಡಬ್ಬದಿಂದ, ಬರುವ ಒಂದೇ ಕೇಬಲ್ಲಿನ ಮೇಲೆ. ಮನೆಯ 230 ವೋಲ್ಟಿನಲ್ಲಿ 575 ವ್ಯಾಟ್ ಅಂದರೆ ಎರಡೂವರೆ ಆಂಪಿಯರ್, ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಕಾರ್ಡಿಗೆ ಹೋಗುವುದು 12 ವೋಲ್ಟು. ಅದೇ 575 ವ್ಯಾಟನ್ನು 12ರಿಂದ ಭಾಗಿಸಿ: 48 ಆಂಪಿಯರ್. ಕನೆಕ್ಟರಿನ ಗರಿಷ್ಠ ಮಿತಿಯಾದ 600 ವ್ಯಾಟಿಗೆ ಸರಿಯಾಗಿ 50. ಅದನ್ನು ಹೊರುವುದು ಆರು ಪಿನ್ನು, ವಾಪಸ್ ತರುವುದು ಇನ್ನಾರು ಪಿನ್ನು. ಒಂದೊಂದರ ಪಾಲಿಗೆ 8.3 ಆಂಪಿಯರ್.

ಇಲ್ಲಿ ಅಡಿಕೆ ತೋಟದ ಮನೆಯವರು ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತೇನೆ. ನಿಮ್ಮ 5 ಎಚ್‌ಪಿ ಪಂಪ್‌ಸೆಟ್ ಪೂರ್ತಿ ಹೊರೆಯಲ್ಲಿ ಒಂದು ಫೇಸಿಗೆ ಎಷ್ಟು ಎಳೆಯುತ್ತೆ? ಏಳು, ಏಳೂವರೆ ಆಂಪಿಯರ್. ಅದಕ್ಕೆ ಸ್ಟಾರ್ಟರಿನಲ್ಲಿ ಎಂಥ ಟರ್ಮಿನಲ್ ಇರುತ್ತೆ ಗೊತ್ತಲ್ಲ: ದಪ್ಪ ಹಿತ್ತಾಳೆ, ಮೇಲೊಂದು ಸ್ಕ್ರೂ. ಅಷ್ಟಿದ್ದೂ ಸ್ಕ್ರೂ ಸಡಿಲವಾದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಬೇಕ್‌ಲೈಟ್ ಕಪ್ಪಾಗುತ್ತೆ, ವೈರಿನ ಹೊದಿಕೆ ಚಿಪ್ಪೆದ್ದು ಬರುತ್ತೆ, ಮೋಟಾರು ಗೊರಗೊರ ಅನ್ನುತ್ತೆ. ಈಗ ಅದಕ್ಕಿಂತ ಒಂದು ಹಿಡಿ ಹೆಚ್ಚಿನ ಕರೆಂಟನ್ನು ಸೂಜಿಯಷ್ಟು ಸಣ್ಣ ಪಿನ್ನಿನಲ್ಲಿ, ಸ್ಕ್ರೂ ಇಲ್ಲದೆ, ಬರೀ ಸ್ಪ್ರಿಂಗಿನ ಬಿಗಿಯಲ್ಲಿ ಹಾಯಿಸುತ್ತಿದ್ದೇವೆ. ಪಿನ್ನಿಂದ ಪಿನ್ನಿಗೆ 3 ಮಿಲಿಮೀಟರ್ ಅಂತರ. ಅಂಥ ಹನ್ನೆರಡು ಪಿನ್ನು ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿ. ಇವತ್ತಿನ ಮಾತೆಲ್ಲ ಈ ಗೂಡಿನದ್ದೇ. ಸುಡುವುದು ವೈರಲ್ಲ, ಸಂಪರ್ಕ.

ಹಿಂದೆ ಹೀಗಿರಲಿಲ್ಲ. ಕಾರ್ಡಿಗೆ ಕರೆಂಟು ಕೊಡುವ ಹಳೆಯ ಎಂಟು ಪಿನ್ನಿನ ಪಿಸಿಐಇ ಕನೆಕ್ಟರಿಗೆ ಗೊತ್ತುಮಾಡಿದ ಮಿತಿ 150 ವ್ಯಾಟ್. ಅದರಲ್ಲಿ 12 ವೋಲ್ಟಿನ ಪಿನ್ನು ಮೂರು, ಒಂದೊಂದಕ್ಕೆ 4 ಆಂಪಿಯರ್ ಚಿಲ್ಲರೆ. ಒಳ್ಳೆಯ ಟರ್ಮಿನಲ್ ಹಾಕಿದ್ದರೆ ಅದರ ಎರಡರಷ್ಟು ತಾಳಿಕೊಳ್ಳುತ್ತಿತ್ತು. ಅಂದರೆ ನಾವು ಅರ್ಧಂಬರ್ಧ ಸಿಕ್ಕಿಸಿದರೂ, ಕೇಬಲ್ಲು ಹಳೆಯದಾದರೂ ಅದು ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಹೊಸ ಹದಿನಾರು ಪಿನ್ನಿನ (ಕರೆಂಟು ಹೊರುವ ಹನ್ನೆರಡು, ಜೊತೆಗೆ ನಾಲ್ಕು ಪುಟ್ಟವು) ಕನೆಕ್ಟರಿನಲ್ಲಿ ಪಿನ್ನಿನ ತಾಳಿಕೆ ಸುಮಾರು 9.5 ಆಂಪಿಯರ್, ಹಾಯಿಸುವುದು 8.3. ಮಿಕ್ಕಿದ್ದು ಎಷ್ಟು ಅಂತ ನೀವೇ ನೋಡಿ. ನನ್ನನ್ನು ಕೇಳಿದರೆ ಇದು ಬಳಸುವವನ ಕೈತಪ್ಪಿಗಿಂತ ಮೊದಲು ವಿನ್ಯಾಸದ ಜಿಪುಣತನ. ಜಾಗ ಉಳಿಸಲು ಹೋಗಿ ತಾಳಿಕೆಯನ್ನೇ ಕಳೆದುಬಿಟ್ಟರು.

2022ರ ಅಕ್ಟೋಬರಿನಲ್ಲಿ ಎನ್ವಿಡಿಯಾದ 450 ವ್ಯಾಟಿನ 4090 ಕಾರ್ಡು ಮಾರುಕಟ್ಟೆಗೆ ಬಂತು, ಅದೇ ತಿಂಗಳು ಕರಗಿದ ಕನೆಕ್ಟರಿನ ಚಿತ್ರಗಳೂ ಬಂದವು. ನವೆಂಬರಿನಲ್ಲಿ ಎನ್ವಿಡಿಯಾ ಜಗತ್ತಿನಾದ್ಯಂತ ಸುಮಾರು 50 ಪ್ರಕರಣ ತನ್ನ ಗಮನಕ್ಕೆ ಬಂದಿವೆ, ಕನೆಕ್ಟರನ್ನು ಪೂರ್ತಿ ಒತ್ತದೇ ಇದ್ದದ್ದು ಸಾಮಾನ್ಯವಾಗಿ ಕಂಡ ತೊಂದರೆ ಎಂದಿತು. ಆಮೇಲೆ 2023ರಲ್ಲಿ ಮಾನಕವನ್ನು ತಿದ್ದಿದರು. ಹಳೆಯದರ ಹೆಸರು 12ವಿಎಚ್‌ಪಿಡಬ್ಲ್ಯೂಆರ್, ತಿದ್ದಿದ್ದರ ಹೆಸರು 12ವಿ-2×6. ಏನು ತಿದ್ದಿದರು? ಕರೆಂಟು ಹೊರುವ ಹನ್ನೆರಡು ಪಿನ್ನಿನ ಕೆಳಗೆ ನಾಲ್ಕು ಪುಟ್ಟ ಸೆನ್ಸ್ ಪಿನ್ನುಗಳಿವೆ. ಈ ಕೇಬಲ್ಲಿನಿಂದ ಎಷ್ಟು ವ್ಯಾಟ್ ಎಳೆಯಬಹುದು ಅಂತ ಕಾರ್ಡಿಗೆ ತಿಳಿಸುವುದು ಅವು. ಅವುಗಳನ್ನು ಒಂದೂವರೆ ಮಿಲಿಮೀಟರ್ ಗಿಡ್ಡ ಮಾಡಿದರು, ದೊಡ್ಡ ಪಿನ್ನುಗಳನ್ನು ಕಾಲು ಮಿಲಿಮೀಟರ್ ಉದ್ದ ಮಾಡಿದರು. ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದರೆ ಸೆನ್ಸ್ ಪಿನ್ನಿಗೆ ಸಂಪರ್ಕವೇ ಸಿಗುವುದಿಲ್ಲ, ಕಾರ್ಡು ಆ ಕೇಬಲ್ಲಿನಿಂದ ಎಳೆಯುವುದೇ ಇಲ್ಲ. ಒಳ್ಳೆಯ ತಿದ್ದುಪಡಿ.

ಇಲ್ಲೊಂದು ವ್ಯಾಪಾರದ ಗುಟ್ಟು ಹೇಳಿಬಿಡುತ್ತೇನೆ. ಈ ಬದಲಾವಣೆ ಆದದ್ದು ಕಾರ್ಡಿನಲ್ಲಿ ಮತ್ತು ಎಸ್‌ಎಂಪಿಎಸ್‌ನಲ್ಲಿ ಇರುವ ಸಾಕೆಟ್ಟಿಗೆ. ಕೇಬಲ್ಲಿಗೆ ಅಲ್ಲ. ‘ಇದು ಹೊಸ 2×6 ಕೇಬಲ್, ನಿಮ್ಮ ಹಳೇದು ಬಿಸಾಕಿ’ ಅಂತ ಯಾರಾದರೂ ದುಬಾರಿ ಕೇಬಲ್ ಮಾರಲು ಬಂದರೆ ನಕ್ಕು ಸುಮ್ಮನಾಗಿ. ಹೊಸ ಸಾಕೆಟ್ಟೋ ಹಳೆಯದೋ ತಿಳಿಯಬೇಕಾದರೆ ಅದರ ಮೇಲೆ ಎಚ್ ಅಕ್ಷರದ ಪಕ್ಕ ಎಷ್ಟು ಕೂಡುವ ಚಿಹ್ನೆ ಇದೆ ನೋಡಿ. ಒಂದಿದ್ದರೆ ಹಳೆಯದು, ಎರಡಿದ್ದರೆ ಹೊಸದು.

ಹಾಗಾದರೆ ಕಥೆ ಮುಗಿಯಿತಾ? ಇಲ್ಲ. 2025ರ ಆರಂಭದಲ್ಲಿ 5090 ಬಂದಾಗ ಮತ್ತೆ ಸುಟ್ಟ ಕನೆಕ್ಟರುಗಳು ಕಾಣಿಸಿಕೊಂಡವು. ಜರ್ಮನಿಯ ಹೆಸರಾಂತ ಓವರ್‌ಕ್ಲಾಕರ್ (ಚಿಪ್ಪನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವವರು) ಒಬ್ಬರು ತಮ್ಮ ಕಾರ್ಡಿನ ಒಂದೊಂದೇ ವೈರಿಗೆ ಕ್ಲ್ಯಾಂಪ್ ಮೀಟರ್, ಅಂದರೆ ವೈರನ್ನು ಸುತ್ತ ಕಚ್ಚಿ ಕರೆಂಟು ಅಳೆಯುವ ಮೀಟರ್, ಹಾಕಿ ಅಳೆದು ತೋರಿಸಿದರು. ಎಂಟು ಆಂಪಿಯರ್ ಇರಬೇಕಾದ ಒಂದು ವೈರಿನಲ್ಲಿ 20ಕ್ಕಿಂತ ಹೆಚ್ಚು ಹರಿಯುತ್ತಿತ್ತು. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಶಾಖ 150 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ಕೇಬಲ್ಲುಗಳ ಮೇಲೆ ಸಾಮಾನ್ಯವಾಗಿ ಬರೆದಿರುವುದು 105 ಡಿಗ್ರಿ.

ಇದು ಯಾಕಾಗುತ್ತೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಕೇಬಲ್ ಆರಿಸುವ ಎಲ್ಲ ವಿವೇಕವೂ ಇಲ್ಲೇ ಇದೆ. ಆರು ವೈರು ಎರಡೂ ತುದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಕರೆಂಟು ಯಾರ ಮಾತೂ ಕೇಳುವುದಿಲ್ಲ, ಎಲ್ಲಿ ಅಡ್ಡಿ ಕಡಿಮೆಯೋ ಅಲ್ಲಿ ಹೆಚ್ಚು ನುಗ್ಗುತ್ತೆ. ಒಂದು ಪಿನ್ನಿನ ಸಂಪರ್ಕದ ಅಡ್ಡಿ 5 ಮಿಲಿಓಮ್ ಅಂದುಕೊಳ್ಳಿ. 8.3 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ ಮೂರನೇ ಒಂದು ವ್ಯಾಟು, ಗಾಳಿಗೆ ಹೋಗಿಬಿಡುತ್ತೆ. ಈಗ ನಾಲ್ಕು ಪಿನ್ನು ಸಡಿಲವಾಗಿ, ಉಳಿದ ಎರಡರಲ್ಲಿ 20 ಆಂಪಿಯರ್ ನುಗ್ಗಿತು ಅಂದುಕೊಳ್ಳಿ. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ. ಅದೇ ಪಿನ್ನಿನಲ್ಲಿ 2 ವ್ಯಾಟು, ಆರು ಪಟ್ಟು. ಸುತ್ತ ನೈಲಾನ್ ಗೂಡು, ಶಾಖಕ್ಕೆ ಹೋಗಲು ದಾರಿಯಿಲ್ಲ. ಬಿಸಿಗೆ ಸ್ಪ್ರಿಂಗಿನ ಬಿಗಿ ಕಳೆಯುತ್ತೆ, ಬಿಗಿ ಕಳೆದರೆ ಅಡ್ಡಿ ಹೆಚ್ಚುತ್ತೆ, ಅಡ್ಡಿ ಹೆಚ್ಚಿದರೆ ಇನ್ನೂ ಬಿಸಿ.

ಇಷ್ಟಾದರೂ ಎಸ್‌ಎಂಪಿಎಸ್ ಟ್ರಿಪ್ ಯಾಕೆ ಆಗುವುದಿಲ್ಲ ಅಂತ ನೀವು ಕೇಳಬೇಕು. 1000 ವ್ಯಾಟಿನ ಎಸ್‌ಎಂಪಿಎಸ್ 12 ವೋಲ್ಟಿನಲ್ಲಿ ಸುಮಾರು 83 ಆಂಪಿಯರ್ ಕೊಡುವ ತಾಕತ್ತಿನದ್ದು. ಸಾಮಾನ್ಯವಾಗಿ ಅದು ಕಾವಲು ಕಾಯುವುದು ಒಟ್ಟು ಮೊತ್ತವನ್ನು. ಒಟ್ಟು 48 ಹೋಗುತ್ತಿದೆ, ಮಿತಿಯೊಳಗಿದೆ, ಎಲ್ಲ ಕ್ಷೇಮ ಅಂದುಕೊಂಡಿರುತ್ತೆ. ಆ 48ರಲ್ಲಿ ಯಾವ ವೈರು ಎಷ್ಟು ಹೊತ್ತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕಾರ್ಡಿಗೂ ಗೊತ್ತಿಲ್ಲ. ಹಿಂದಿನ 3090 ಟಿಐ ಕಾರ್ಡಿನಲ್ಲಿ ಆರು ಪಿನ್ನನ್ನು ಮೂರು ಜೋಡಿ ಮಾಡಿ ಒಂದೊಂದು ಜೋಡಿಯನ್ನೂ ಬೇರೆಬೇರೆ ಅಳೆಯುತ್ತಿದ್ದರು. 4090 ಬರುವ ಹೊತ್ತಿಗೆ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿಬಿಟ್ಟರು. ಏಸುಸ್‌ನ ಆಸ್ಟ್ರಲ್ ಸಾಲಿನ 5090ಯಂಥ ಕೆಲವು ಕಾರ್ಡುಗಳಲ್ಲಿ ಪಿನ್ನುಪಿನ್ನಿಗೂ ಅಳತೆ ಇದೆ, ಅಸಮತೋಲ ಕಂಡರೆ ಪರದೆಯ ಮೇಲೆ ಎಚ್ಚರಿಸುತ್ತೆ. ಅಂಥ ಸೌಲಭ್ಯಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ತಪ್ಪಿಲ್ಲ. ಬಣ್ಣಬಣ್ಣದ ದೀಪಕ್ಕೆ ಕೊಡುವುದಿಲ್ಲವೇ?

ಸರಿ, ಅಂಗಡಿಗೆ ಬರೋಣ. ಯಾವ ಕೇಬಲ್ ತಗೊಳ್ಳಬೇಕು?

ನನ್ನ ಉತ್ತರ ಸಪ್ಪೆ. ಕೇಬಲ್ ತಗೊಳ್ಳಬೇಡಿ, ಎಸ್‌ಎಂಪಿಎಸ್ ತಗೊಳ್ಳಿ. ಎಟಿಎಕ್ಸ್ 3.1 (ಎಸ್‌ಎಂಪಿಎಸ್‌ಗಳ ಮಾನಕದ ಹೆಸರು) ಅಂತ ಬರೆದಿರುವ ಒಳ್ಳೆಯ ಎಸ್‌ಎಂಪಿಎಸ್ ಜೊತೆ ಡಬ್ಬದಲ್ಲೇ ಹದಿನಾರು ಪಿನ್ನಿನ ಕೇಬಲ್ ಬರುತ್ತೆ. ಎಸ್‌ಎಂಪಿಎಸ್ ಮಾಡಿದವರೇ ಅದಕ್ಕೆ ಹೊಂದಿಸಿ, ಪರೀಕ್ಷೆ ಮಾಡಿ ಕೊಟ್ಟ ಕೇಬಲ್ ಅದು. ಅದಕ್ಕಿಂತ ಸುರಕ್ಷಿತ ಕೇಬಲ್ಲು ಲೋಕದಲ್ಲಿ ಇಲ್ಲ. ಅದರ ತುದಿಯಲ್ಲಿ 600 ವ್ಯಾಟೋ 450 ವ್ಯಾಟೋ ಅಂತ ಅಚ್ಚಾಗಿರುತ್ತೆ, ನಿಮ್ಮ ಕಾರ್ಡಿಗೆ ಎಷ್ಟು ಬೇಕೋ ಹೊಂದಿಸಿ ನೋಡಿ. 4090ಗೆ 850 ವ್ಯಾಟಿನ, 5090ಗೆ 1000 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಅಂತ ಎನ್ವಿಡಿಯಾ ಹೇಳುತ್ತೆ. ನಮ್ಮಲ್ಲಿ ಜನ ಕಾರ್ಡಿಗೆ ಲಕ್ಷ ಸುರಿದು ಎಸ್‌ಎಂಪಿಎಸ್ ಹತ್ತಿರ ಚೌಕಾಸಿಗೆ ಇಳಿಯುತ್ತಾರೆ. ಅದು ಕಾಣುವುದಿಲ್ಲ, ಕ್ಯಾಬಿನೆಟ್ಟಿನ ಕೆಳಗೆ ಮುಚ್ಚಿಕೊಂಡಿರುತ್ತೆ, ಅದಕ್ಕೆ.

ಈಗಿರುವ ಎಸ್‌ಎಂಪಿಎಸ್ ಹಳೆಯದು, ಆದರೆ ಗಟ್ಟಿಮುಟ್ಟು, ವ್ಯಾಟೂ ಸಾಲುತ್ತೆ ಅನ್ನುವವರಿಗೆ ಎರಡು ದಾರಿ. ಒಂದು, ಅದೇ ತಯಾರಕರು ಆ ಮಾದರಿಗೆಂದೇ ಪ್ರತ್ಯೇಕವಾಗಿ ಮಾರುವ ಹದಿನಾರು ಪಿನ್ನಿನ ಕೇಬಲ್. ಇನ್ನೊಂದು, ಕಾರ್ಡಿನ ಡಬ್ಬದಲ್ಲಿ ಬರುವ ಅಡಾಪ್ಟರ್, ಮೂರೋ ನಾಲ್ಕೋ ಎಂಟು ಪಿನ್ನಿನ ಬಾಲ ಇರುವಂಥದ್ದು. ಅಡಾಪ್ಟರೇ ಬಳಸುವುದಾದರೆ ಒಂದೊಂದು ಬಾಲಕ್ಕೂ ಎಸ್‌ಎಂಪಿಎಸ್‌ನಿಂದ ಬೇರೆಬೇರೆ ಕೇಬಲ್ ಎಳೆಯಬೇಕು. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆ ಇರುತ್ತಲ್ಲ, ಅದನ್ನು ಎರಡು ಬಾಲಕ್ಕೆ ಸಿಕ್ಕಿಸಿ ಕೆಲಸ ಮುಗಿಸುವುದು ಬಹಳ ಕಡೆ ಕಾಣುತ್ತೆ. ಆಗ ಮೂರು ವೈರಿನ ಮೇಲೆ 300 ವ್ಯಾಟ್ ಬಿತ್ತು. ಹಳೆಯ ಕನೆಕ್ಟರಿನ ಉದಾರತೆಯೆಲ್ಲ ಅಲ್ಲಿಗೆ ಮುಗಿಯಿತು.

ಬೇರೆಯವರ ಕೇಬಲ್ ತರುವಾಗ ಎಲ್ಲರೂ ಕಾರ್ಡಿನ ಕಡೆಯ ತುದಿ ನೋಡುತ್ತಾರೆ. ಎಡವಟ್ಟಾಗುವುದು ಇನ್ನೊಂದು ತುದಿಯಲ್ಲಿ. ಕೇಬಲ್ಲನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ಹಳೆಯ ಸಾಕೆಟ್ಟಿನಲ್ಲಿ ಯಾವ ಪಿನ್ನು ಏನು ಅನ್ನುವುದಕ್ಕೆ ಸಾರ್ವತ್ರಿಕ ನಿಯಮವೇ ಇಲ್ಲ. ಒಂದು ಕಂಪನಿಯ ಕೇಬಲ್ಲು ಇನ್ನೊಂದರ ಸಾಕೆಟ್ಟಿಗೆ ಸಲೀಸಾಗಿ ಕೂತುಬಿಡಬಹುದು, ಆದರೆ 12 ವೋಲ್ಟು ಇರಬೇಕಾದಲ್ಲಿ ಗ್ರೌಂಡ್ ವೈರು, ಅಂದರೆ ಕರೆಂಟು ವಾಪಸ್ ತರುವ ವೈರು, ಬಂದಿರಬಹುದು. ಹಾರ್ಡ್‌ಡಿಸ್ಕಿನ ಕೇಬಲ್ ಹೀಗೆ ಅದಲುಬದಲಾದರೆ 5 ವೋಲ್ಟಿನ ಜಾಗಕ್ಕೆ 12 ಹೋಗಿ ಮದುವೆ ವಿಡಿಯೊ ಎಲ್ಲ ಹೊಗೆ. ಒಂದೇ ಕಂಪನಿಯ ಬೇರೆ ಸಾಲಿನಲ್ಲೂ ವ್ಯತ್ಯಾಸ ಇರುತ್ತೆ. ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್ಲನ್ನು ಕ್ಯಾಬಿನೆಟ್ಟಿನಲ್ಲೇ ಬಿಟ್ಟು ಡಬ್ಬ ಮಾತ್ರ ಬದಲಿಸುವ ಸೋಮಾರಿತನ ಬೇಡ.

ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ಲಿನಿಂದ ಕಾರ್ಡಿಗೆ ಕರೆಂಟು ಕೊಡುವ ಅಡಾಪ್ಟರುಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಒಂದಕ್ಕೆ ಒಂದೂವರೆ ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 150 ವ್ಯಾಟಿನ ಎಂಟು ಪಿನ್ನು ಮಾಡಿಕೊಡುವ ಪುಟ್ಟ ಅಡಾಪ್ಟರು ಅಗ್ಗಕ್ಕೆ ಸಿಗುತ್ತೆ. ಕೊಳ್ಳಬೇಡಿ, ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಕೇಬಲ್ಲೂ ಬೇರೆಯೇ. ಅದರಲ್ಲಿ 12 ವೋಲ್ಟು ಎದುರು ಸಾಲಿನಲ್ಲಿರುತ್ತೆ. ಒತ್ತಿದರೂ ಹೋಗುತ್ತಿಲ್ಲ ಅಂದರೆ ಅದಕ್ಕೆ ಕಾರಣ ಇದೆ ಅಂತ ತಿಳಿಯಿರಿ, ಮಂಡಿ ಊರಿ ಒತ್ತಬೇಡಿ.

ನೋಟಕ್ಕಾಗಿ ಹಾಕುವ ಎಕ್ಸ್‌ಟೆನ್ಷನ್ ಕೇಬಲ್ಲು, ಎಲ್ ಆಕಾರದ ಅಡಾಪ್ಟರು, ಇವೂ ನನಗೆ ಸೇರುವುದಿಲ್ಲ. ಒಂದು ಸಂಪರ್ಕ ಇದ್ದಲ್ಲಿ ಎರಡಾಗುತ್ತೆ, ಅಷ್ಟೇ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಕೇಬಲ್‌ಮಾಡ್ ಕಂಪನಿಯ ಇಂಥ ತಿರುವು ಅಡಾಪ್ಟರುಗಳನ್ನು, ಸುಮಾರು 25,300, ಬೆಂಕಿಯ ಅಪಾಯದ ಕಾರಣಕ್ಕೆ ವಾಪಸ್ ಕರೆಸಿಕೊಂಡರು. ಕೇಬಲ್ ತಯಾರಿಕೆಯಲ್ಲಿ ಹೆಸರು ಮಾಡಿದವರ ಸಾಮಾನಿಗೇ ಆ ಗತಿ.

ಬಿಡಿ ಕೇಬಲ್ ತಗೊಳ್ಳಲೇಬೇಕಾದಾಗ ಕೈಯಲ್ಲಿ ಹಿಡಿದು ನೋಡಬೇಕಾದ್ದು ಇವು. ವೈರಿನ ಮೇಲೆ ಸಣ್ಣ ಅಕ್ಷರದಲ್ಲಿ 16 ಎಡಬ್ಲ್ಯೂಜಿ (ವೈರಿನ ದಪ್ಪದ ಅಮೆರಿಕನ್ ಅಳತೆ) ಅಂತ ಇರಬೇಕು. ನಮ್ಮ ಎಲೆಕ್ಟ್ರಿಕಲ್ ಅಂಗಡಿಯ ಲೆಕ್ಕದಲ್ಲಿ ಅದು 1.3 ಚದರ ಮಿಲಿಮೀಟರ್. 18 ಅಂತ ಇದ್ದರೆ 0.8 ಮಾತ್ರ. ಸಂಖ್ಯೆ ಹೆಚ್ಚಾದಂತೆ ವೈರು ತೆಳು, ಅದು ನೆನಪಿರಲಿ. ಪಕ್ಕದಲ್ಲಿ 105 ಡಿಗ್ರಿ ಅಂತ ಇದ್ದರೆ ಒಳ್ಳೆಯದು, 80 ಇದ್ದರೆ ಕೆಳಗಿಡಿ. ನೂಲಿನ ಹೊದಿಕೆ ಹಾಕಿದ ಚಂದದ ಕೇಬಲ್ಲುಗಳಲ್ಲಿ ಈ ಅಕ್ಷರ ಮುಚ್ಚಿಹೋಗಿರುತ್ತೆ, ಅದಕ್ಕೇ ನನಗೆ ಅವುಗಳ ಮೇಲೆ ಗುಮಾನಿ. ಅಗ್ಗದ ಕೇಬಲ್ಲಿನಲ್ಲಿ ತಾಮ್ರದ ಬದಲು ತಾಮ್ರದ ಲೇಪ ಹಚ್ಚಿದ ಅಲ್ಯುಮಿನಿಯಂ ಎಳೆ ಇರುವುದುಂಟು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತೆ. ಆದರೆ ತವರದ ಲೇಪ ಇರುವ ಒಳ್ಳೆಯ ತಾಮ್ರ ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿರುತ್ತೆ, ಗಲಿಬಿಲಿ ಮಾಡಿಕೊಳ್ಳಬೇಡಿ. ಆಮೇಲೆ ಕನೆಕ್ಟರಿನ ಬಾಯಿಗೆ ಟಾರ್ಚ್ ಬಿಡಿ. ಹನ್ನೆರಡು ತೂತಿನಲ್ಲಿ ಹನ್ನೆರಡು ಟರ್ಮಿನಲ್ಲೂ ಒಂದೇ ಮಟ್ಟದಲ್ಲಿ ಕಾಣಬೇಕು. ಒಂದು ಹಿಂದಕ್ಕೆ ಸರಿದಿದ್ದರೂ ಆ ಕೇಬಲ್ ಬೇಡ.

ಕೇಬಲ್ ಎಷ್ಟು ಒಳ್ಳೆಯದಾದರೂ ಸಿಕ್ಕಿಸುವುದು ನಾವೇ. ಕಾರ್ಡನ್ನು ಕ್ಯಾಬಿನೆಟ್ಟಿಗೆ ಹಾಕುವ ಮುಂಚೆಯೇ ಒಮ್ಮೆ ಮೇಜಿನ ಮೇಲೆ ಇಟ್ಟು ಸಿಕ್ಕಿಸಿ ನೋಡಿ, ಎಷ್ಟು ಒತ್ತಬೇಕು ಅನ್ನುವುದು ಕೈಗೆ ತಿಳಿಯುತ್ತೆ. ಕೆಲವು ಕನೆಕ್ಟರಿನ ಕೊಕ್ಕೆ ಟಿಕ್ ಅನ್ನುತ್ತೆ, ಕೆಲವು ಅನ್ನುವುದೇ ಇಲ್ಲ. ಹಾಗಾಗಿ ಕಿವಿ ನಂಬಬೇಡಿ, ಕಣ್ಣು ನಂಬಿ. ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರೆ ಕನೆಕ್ಟರಿನ ಅಂಚು ಸಾಕೆಟ್ಟಿಗೆ ಅಂಟಿದ ಹಾಗೆ, ಸಂದಿಲ್ಲದೆ ಕೂತಿರಬೇಕು. ಎಡಗಡೆ ಕೂತು ಬಲಗಡೆ ಕೂದಲೆಳೆಯಷ್ಟು ಎದ್ದಿರುವುದು ಎಲ್ಲಕ್ಕಿಂತ ಕೆಟ್ಟದ್ದು, ಆಗಲೇ ಎರಡು ಮೂರು ಪಿನ್ನು ಎಲ್ಲರ ಹೊರೆ ಹೊರುವುದು. ಆಮೇಲೆ ವೈರನ್ನಲ್ಲ, ಗೂಡನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ, ಅಲ್ಲಾಡಬಾರದು. ಕನೆಕ್ಟರಿನಿಂದ ಮೂರೂವರೆ ಸೆಂಟಿಮೀಟರ್ ತನಕ ವೈರು ನೆಟ್ಟಗೆ ಬಂದು ಆಮೇಲೆ ಬಾಗಲಿ. ಕ್ಯಾಬಿನೆಟ್ಟಿನ ಗಾಜು ಮುಚ್ಚಿದಾಗ ಕೇಬಲ್ಲಿಗೆ ಒತ್ತುತ್ತಿದ್ದರೆ ಕ್ಯಾಬಿನೆಟ್ಟೇ ಸಣ್ಣದಾಯಿತು ಅಂತ ಅರ್ಥ. ಮತ್ತೆ, ಧೂಳು ಒರೆಸುವ ನೆಪದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಹಾಕಬೇಡಿ. ಈ ಕನೆಕ್ಟರಿಗೆ ಹೇಳಿರುವ ಆಯುಸ್ಸು ಸುಮಾರು 30 ಸಲ ಸಿಕ್ಕಿಸುವಷ್ಟೇ.

ಹಾಕಿದ ಮೇಲೆ ಅಳೆಯಬಹುದಾ? ಅಳೆಯಬಹುದು. ಆದರೆ ಪೇಟೆಯ ಎಲೆಕ್ಟ್ರಿಷಿಯನ್ ಹತ್ತಿರ ಇರುವ ಸಾಮಾನ್ಯ ಕ್ಲ್ಯಾಂಪ್ ಮೀಟರ್ ತಂದರೆ ಸೊನ್ನೆ ತೋರಿಸುತ್ತೆ. ಅದು ಎಸಿ ಮಾತ್ರ ಅಳೆಯುವುದು, ಇಲ್ಲಿ ಇರುವುದು ಡಿಸಿ. ಎಸಿ ಡಿಸಿ ಎರಡೂ ಅಳೆಯುವ ಮೀಟರ್ ಬೇಕು. ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು, ಹಳದಿಯೋ ಕಪ್ಪೋ ಆ ಆರು 12 ವೋಲ್ಟಿನ ವೈರನ್ನು ಒಂದೊಂದಾಗಿ ಮೀಟರಿನ ಬಾಯೊಳಗೆ ಇಟ್ಟು ನೋಡಿ. ಏಳು, ಎಂಟು, ಎಂಟೂವರೆ, ಹೀಗೆ ಬಂದರೆ ನೆಮ್ಮದಿ. ಒಂದರಲ್ಲಿ ಹದಿಮೂರು, ಇನ್ನೊಂದರಲ್ಲಿ ಮೂರು ಬಂದರೆ ಅವತ್ತೇ ಆ ಕೇಬಲ್ಲಿಗೆ ಕೈಮುಗಿಯಿರಿ.

ಇದಾವುದೂ ಬೇಡ, ಸುಲಭದ್ದು ಹೇಳಿ ಅನ್ನುವವರಿಗೆ ನನ್ನ ಅಚ್ಚುಮೆಚ್ಚಿನ ಉಪಾಯ: ಕಾರ್ಡಿನ ಪವರ್ ಲಿಮಿಟ್ಟನ್ನು ಸಾಫ್ಟ್‌ವೇರಿನಲ್ಲೇ ಶೇಕಡಾ 80ಕ್ಕೆ ಇಳಿಸಿ. 575 ಇದ್ದದ್ದು 460 ಆಗುತ್ತೆ, ಪಿನ್ನಿಗೆ 6.4 ಆಂಪಿಯರ್. ಸಂಪರ್ಕದಲ್ಲಿ ಹುಟ್ಟುವ ಶಾಖ ಮೊದಲಿನ ಶೇಕಡಾ 64ಕ್ಕೆ ಬರುತ್ತೆ. ವೇಗದಲ್ಲಿ ಕಳೆದುಕೊಳ್ಳುವುದು ಅದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಕೊನೆಯ ನೂರು ವ್ಯಾಟು ಸುಡುವುದು ಜಾಹೀರಾತಿನ ಗ್ರಾಫಿಗಾಗಿ. ಗೇಮಿನ ಮಜಾಕ್ಕೂ ಅದಕ್ಕೂ ಅಷ್ಟೇನೂ ಸಂಬಂಧ ಇಲ್ಲ.

ಇನ್ನು ಕಾರ್ಡೇ ಕೊಂಡಿಲ್ಲದವರು ಒಂದು ಕ್ಷಣ ಯೋಚಿಸಿ. ಎಎಂಡಿಯ 9070 ಎಕ್ಸ್‌ಟಿ ತರಹದ 304 ವ್ಯಾಟಿನ ಕಾರ್ಡುಗಳಲ್ಲಿ ಬಹುತೇಕವು ಇವತ್ತಿಗೂ ಹಳೆಯ ಎಂಟು ಪಿನ್ನಿನದ್ದೇ. ಕೆಲವೇ ಮಾದರಿಗೆ ಹದಿನಾರು ಪಿನ್ನು. ನಿಮ್ಮ ಕೆಲಸ ಅದರಲ್ಲಿ ಆಗುವುದಾದರೆ ಈ ಗಂಟೆಯ ಉಪನ್ಯಾಸವನ್ನು ಅರ್ಧ ಮರೆತರೂ ನಡೆಯುತ್ತೆ.

ಈಗ ಗೋಡೆಯ ಕಡೆಗೆ. ‘ನಿಮ್ಮೂರಿನ ವೋಲ್ಟೇಜ್ ಸರಿಯಿಲ್ಲ, ಅದಕ್ಕೇ ಕನೆಕ್ಟರ್ ಕರಗಿತು’ ಅಂತ ಕೆಲವು ಅಂಗಡಿಯವರು ಸಾಗಹಾಕುತ್ತಾರೆ. ಅದು ಸುಳ್ಳು. ಗೋಡೆಯಲ್ಲಿ 230 ಇರಲಿ 180 ಇರಲಿ, ಒಳ್ಳೆಯ ಎಸ್‌ಎಂಪಿಎಸ್ ಆ ಕಡೆಯಿಂದ 12 ವೋಲ್ಟನ್ನೇ ಕೊಡುತ್ತೆ. ಆದರೆ ಗೋಡೆಯ ಕಡೆಯ ವೈರಿಗೆ ವೋಲ್ಟೇಜಿನ ಬಿಸಿ ತಟ್ಟುವುದು ನಿಜ. ಇಡೀ ಕಂಪ್ಯೂಟರು ಗೋಡೆಯಿಂದ 890 ವ್ಯಾಟ್ ಎಳೆಯುತ್ತಿದ್ದರೆ 230 ವೋಲ್ಟಿನಲ್ಲಿ 3.9 ಆಂಪಿಯರ್. ಸಂಜೆ ಏಳಕ್ಕೆ ಹಳ್ಳಿಯಲ್ಲಿ ವೋಲ್ಟೇಜ್ 170ಕ್ಕೆ ಇಳಿದರೆ 5.2. ಎಸ್‌ಎಂಪಿಎಸ್ ಹಟ ಬಿಡುವುದಿಲ್ಲ, ವೋಲ್ಟು ಕಡಿಮೆಯಾದಷ್ಟೂ ಆಂಪಿಯರ್ ಹೆಚ್ಚು ಎಳೆಯುತ್ತೆ. ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾನಿಟರ್, ಸ್ಪೀಕರ್, ಫ್ಯಾನು ಸೇರಿದರೆ 6 ಆಂಪಿಯರಿನ ಪ್ಲಗ್ಗು ಮಿತಿ ಮುಟ್ಟಿತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1,035 ಮೆಗಾವ್ಯಾಟ್, ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ, ನಮ್ಮ ಬಲ್ಬು ಮಾತ್ರ ಮಿಣಮಿಣ. ಇರಲಿ, ಅದು ಬೇರೆ ಸಭೆಯ ವಿಷಯ. ದೊಡ್ಡ ಕಾರ್ಡಿನ ಕಂಪ್ಯೂಟರಿಗೆ ಗೋಡೆಯಲ್ಲಿ 16 ಆಂಪಿಯರಿನ ಸಾಕೆಟ್ಟು, ಐಎಸ್‌ಐ ಗುರುತಿನ ವೈರು, ನಿಜವಾದ ಅರ್ಥಿಂಗ್, ಇಷ್ಟು ಮಾಡಿಸಿ. ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ಥ್ ವೈರು ಇದೆ ಅಂತಲ್ಲ, ಹಳೆಯ ತೊಟ್ಟಿಮನೆಗಳಲ್ಲಿ ಬಹುಪಾಲು ಇರುವುದಿಲ್ಲ.

ನನ್ನ ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ತೀರ್ಥಹಳ್ಳಿ ಕಡೆಯ ಮೇಡಂ ಒಬ್ಬರು ಕೇಳಿದ್ದು: ‘ನಮ್ಮನೆ ಆಗುಂಬೆ ಹತ್ತಿರ. ಮಳೆಗಾಲದಲ್ಲಿ ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಪಿನ್ನಿಗೆ ಏನಾದರೂ ಆಗುತ್ತಾ?’

ಒಳ್ಳೆಯ ಪ್ರಶ್ನೆ ಮೇಡಂ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಾಗ ನಿಮ್ಮದು. ಬಿಗಿಯಾಗಿ ಕೂತ ಪಿನ್ನಿನ ಸಂಪರ್ಕದೊಳಗೆ ತೇವ ಸುಲಭಕ್ಕೆ ಹೋಗುವುದಿಲ್ಲ. ತೊಂದರೆ ಇರುವುದು ಬಿಚ್ಚಿಟ್ಟ ಕೇಬಲ್ಲಿಗೆ, ಖಾಲಿ ಬಿಟ್ಟ ಸಾಕೆಟ್ಟಿಗೆ. ಬಳಸದ ಕೇಬಲ್ಲುಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲದಲ್ಲಿ ಕಂಪ್ಯೂಟರನ್ನು ದಿನಾ ಸ್ವಲ್ಪ ಹೊತ್ತು ಓಡಿಸಿ, ಅದರ ಬಿಸಿಯೇ ಅದಕ್ಕೆ ಔಷಧಿ. ಟರ್ಮಿನಲ್ಲಿಗೆ ಕಿಲುಬು ಹಿಡಿದಿದ್ದರೆ ಉಪ್ಪುಕಾಗದದಲ್ಲಿ ಉಜ್ಜಬೇಡಿ, ಲೇಪ ಹೋಗುತ್ತೆ, ಕೇಬಲ್ಲನ್ನೇ ಬದಲಿಸಿ. ಕ್ಯಾಬಿನೆಟ್ಟಿನ ಹಿಂದೆ ಖಾಲಿ ಸ್ಲಾಟು ತೆರೆದಿದ್ದರೆ ಮುಚ್ಚಿ. ಬೆಚ್ಚಗಿದೆ ಅಂತ ಹಲ್ಲಿ ಬಂದು ಸೇರಿಕೊಳ್ಳುತ್ತೆ, ಎಸ್‌ಎಂಪಿಎಸ್ ಒಳಗೆ ಹಲ್ಲಿ ಸತ್ತರೆ ಎರಡೂ ಹೋದ ಹಾಗೆ.

ಒಬ್ಬ ವಿದ್ಯಾರ್ಥಿ: ‘ಸರ್, ಇನ್ವರ್ಟರಿನಲ್ಲಿ ಓಡಿಸಬಹುದಾ? ಕರೆಂಟ್ ಹೋದಾಗ ರೆಂಡರ್ ಅರ್ಧಕ್ಕೆ ನಿಲ್ಲುತ್ತೆ.’

ನೋಡಪ್ಪ, ಮನೆಯಲ್ಲಿ ಸಾಮಾನ್ಯವಾಗಿ ಇರುವ 850 ವಿಎ ಇನ್ವರ್ಟರಿಗೆ ನಿನ್ನ ಕಂಪ್ಯೂಟರಿನ ಪೂರ್ತಿ ಹೊರೆ ಭಾರ. ಕೆಲಸ ಸೇವ್ ಮಾಡಿ ಮುಚ್ಚುವಷ್ಟು ಹೊತ್ತಿಗೆ ಒಂದು ಯುಪಿಎಸ್ ಇಟ್ಟುಕೋ, ಸೈನ್ ವೇವ್ ಇರುವಂಥದ್ದು. ಸ್ಕ್ವೇರ್ ವೇವಿನದು ಬೇಡ, ಈಗಿನ ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡು, ಯಾವ ಸ್ಪೈಕ್ ಬಸ್ಟರನ್ನೂ ನಂಬಿಕೊಂಡು ಕೂರಬೇಡ.

ಹಿರಿಯರೊಬ್ಬರು: ‘ಮಗನ ಕಂಪ್ಯೂಟರಿಂದ ಸುಟ್ಟ ವಾಸನೆ ಬಂದರೆ ನಾವು ಮನೆಯವರು ಮೊದಲು ಏನು ಮಾಡಬೇಕು ಮಾರಾಯ್ರೆ? ಅವನು ಹೆಡ್‌ಫೋನ್ ಹಾಕಿ ಕೂತಿರ್ತಾನೆ.’

ಮಗನನ್ನು ಕರೆಯುವ ಮೊದಲು ಗೋಡೆಯ ಸ್ವಿಚ್ಚು ಆಫ್ ಮಾಡಿ ಸರ್. ಕಂಪ್ಯೂಟರಿನ ಬಟನ್ ಹುಡುಕುತ್ತಾ ಕೂರಬೇಡಿ, ನೀರಂತೂ ಹಾಕಲೇಬೇಡಿ. ಬಿಸಿ ಇರುವಾಗ ಕನೆಕ್ಟರನ್ನು ಕೀಳಲು ಹೋದರೆ ಮೆತ್ತಗಾದ ಪ್ಲಾಸ್ಟಿಕ್ ಜೊತೆ ಪಿನ್ನೂ ಕಿತ್ತು ಬರುತ್ತೆ. ಅರ್ಧ ಗಂಟೆ ಆರಲು ಬಿಟ್ಟು, ಬಿಚ್ಚುವ ಮುಂಚೆ ಹೇಗಿತ್ತೋ ಹಾಗೆ ಫೋಟೊ ತೆಗೆಯಿರಿ, ಬಿಚ್ಚಿದ ಮೇಲೆ ಎರಡೂ ತುದಿಯ ಫೋಟೊ ತೆಗೆಯಿರಿ, ಎಸ್‌ಎಂಪಿಎಸ್ ಕಡೆಯದ್ದನ್ನೂ ಸೇರಿಸಿ. ವಾರಂಟಿಯವರು ಕೇಳುವುದು ಅದನ್ನೇ. ಕೇಬಲ್ಲನ್ನು ಬಿಸಾಡಬೇಡಿ, ಕಾರ್ಡಿನ ಜೊತೆ ಅದನ್ನೂ ಕಳಿಸಬೇಕಾಗುತ್ತೆ. ಬರೀ ಕೇಬಲ್ ಸುಟ್ಟಿದೆ ಅಂತ ಹೊಸ ಕೇಬಲ್ ತಂದು ಅದೇ ಕಾರ್ಡಿಗೆ ಸಿಕ್ಕಿಸಲು ಮಗನಿಗೆ ಬಿಡಬೇಡಿ. ಕಾರ್ಡಿನ ಪಿನ್ನು ಒಂದು ಸಲ ಕಪ್ಪಾಯಿತು ಅಂದರೆ ಅದರ ಅಡ್ಡಿ ಹೆಚ್ಚಿರುತ್ತೆ, ಹೊಸ ಕೇಬಲ್ಲನ್ನೂ ಅದು ವಾರದೊಳಗೆ ಸುಡಬಹುದು. ಸಾಕೆಟ್ ಬದಲಿಸುವ ಬೆಸುಗೆ ಕೆಲಸ ಬಲ್ಲವರ ಹತ್ತಿರ ಕೊಡಿ, ವಾರಂಟಿ ಇದ್ದರೆ ಅದಕ್ಕೂ ಮುಂಚೆ ಕಂಪನಿಗೆ ಕಳಿಸಿ.